ಮೊದಲು ಕಂಡವರು ಮುಂದೇನು ಮಾಡಬೇಕು?

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ಮಕ್ಕಳ ಬ್ಯಾಗ್ ತಪಾಸಣೆ ನಡೆಯಿತು. ಮಕ್ಕಳು ಕದ್ದುಮುಚ್ಚಿ ಮೊಬೈಲ್ ತರುತ್ತಿದ್ದಾರೆ ಎಂಬ ದೂರುಗಳಿದ್ದವು. ಬ್ಯಾಗ್ ನೋಡಿ ಎಂದು ಖಾಸಗಿ ಶಾಲಾ ಆಡಳಿತ ಮಂಡಳಿಗಳ ಸಂಘಟನೆ ಕ್ಯಾಮ್ಸ್ ಸೂಚಿಸಿತ್ತು. ಹುಡುಕಿದ್ದು ಮೊಬೈಲು. ಆದರೆ 8, 9, 10ನೇ ತರಗತಿಯ ಕೆಲವು ಮಕ್ಕಳ ಬ್ಯಾಗಿನಲ್ಲಿ ಅದರ ಜೊತೆಗೆ ಸಿಗರೇಟು, ಲೈಟರ್, ವೈಟ್ನರ್, ಕಾಂಡೋಮ್, ಗರ್ಭನಿರೋಧಕ ಮಾತ್ರೆಗಳೂ ಸಿಕ್ಕವು. ಮಕ್ಕಳ ಕೈಯಲ್ಲಿ ಇರಬಾರದಷ್ಟು ದುಡ್ಡೂ ಇತ್ತು. ಸುದ್ದಿ ದೇಶವೆಲ್ಲ ಹಬ್ಬಿತು. ಪೋಷಕರ ಸಭೆಗಳು ನಡೆದವು. ಅಮಾನತು ಮಾಡುವ ಬದಲು ಮಗುವನ್ನು ಆಪ್ತಸಮಾಲೋಚನೆಗೆ ಕರೆದೊಯ್ಯಿರಿ ಎಂದು ಪೋಷಕರಿಗೆ ತಿಳಿಸಿ, ಅದಕ್ಕೆಂದೇ ಹತ್ತು ದಿನದವರೆಗೆ ರಜೆ ಕೊಟ್ಟ ಶಾಲೆಯೂ ಇತ್ತು.

ಆ ಶಾಲೆ ಮಾಡಿದ್ದು ಸರಿ. ಆದರೆ ಆ ಗದ್ದಲದಲ್ಲಿ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯೊಂದಿದೆ: ಮೊದಲು ಕಂಡವರು ಮುಂದೇನು ಮಾಡಬೇಕು? ಹದಿನಾಲ್ಕು ವರ್ಷದ ಮಗುವಿನ ಬ್ಯಾಗಿನಲ್ಲಿ ಅಮಲಿಗಾಗಿ ಮೂಸುವ ವೈಟ್ನರ್ ಬಾಟಲಿ ಸೇರುವ ಹೊತ್ತಿಗೆ ಅದರ ಓದು, ನಿದ್ದೆ, ಸ್ನೇಹ, ಮುಖಭಾವ ಎಲ್ಲವೂ ಒಂದಿಷ್ಟು ಬದಲಾಗಿರುತ್ತವೆ. ಅದನ್ನು ಶಾಲೆಯಲ್ಲಿ ಯಾರೋ ಒಬ್ಬರು ಗಮನಿಸಿರುತ್ತಾರೆ. ತರಗತಿ ಶಿಕ್ಷಕಿ ಇರಬಹುದು, ಆಯಾ ಇರಬಹುದು, ವ್ಯಾನ್ ಓಡಿಸುವವರೂ ಇರಬಹುದು. ಕಂಡದ್ದನ್ನು ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು, ಹೇಳಿದ ಮೇಲೆ ಏನು ಮಾಡಬೇಕು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಹಾಗಾಗಿ ವಿಷಯ ಬ್ಯಾಗ್ ಬಿಚ್ಚುವ ದಿನದವರೆಗೂ ಬೆಳೆಯುತ್ತದೆ.

ಬೆಂಗಳೂರಿನ ಜಾಲಹಳ್ಳಿಯ ಸುತ್ತಮುತ್ತಲನ್ನೇ ನೋಡಿ. ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಇಲ್ಲಿ ಬೇರೂರಿದವು. ಪಕ್ಕದಲ್ಲೇ ವಾಯುಪಡೆಯ ನೆಲೆ, ಆಚೆಗೆ ಪೀಣ್ಯ ಕೈಗಾರಿಕಾ ಪ್ರದೇಶ. ಒಂದೆರಡು ಕಿಲೋಮೀಟರಿನೊಳಗೆ ನಾಲ್ಕಾರು ಬಗೆಯ ಬಾಲ್ಯಗಳು ಸಿಗುತ್ತವೆ. ವಾಯುಪಡೆಯವರ ಮಗು ಅಪ್ಪನ ವರ್ಗಾವಣೆಯ ಜೊತೆ ಊರು ಬದಲಿಸುತ್ತಾ ಬಂದಿರುತ್ತದೆ. ಗೆಳೆಯರು ಸಿಕ್ಕಿದರು ಅನ್ನುವಷ್ಟರಲ್ಲಿ ಮತ್ತೆ ಗಂಟು ಕಟ್ಟಬೇಕು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗು ಬೆಳಗ್ಗೆ ತಾನೇ ಬೀಗ ಹಾಕಿ ಶಾಲೆಗೆ ಬರುತ್ತದೆ, ಸಂಜೆ ತಾನೇ ಬೀಗ ತೆಗೆದು ತಂಗಿಗೆ ಊಟ ಹಾಕುತ್ತದೆ. ರಾಯಚೂರು, ಕಲಬುರಗಿಯಿಂದ, ಒಡಿಶಾ, ಬಿಹಾರದಿಂದ ಬಂದ ಕುಟುಂಬಗಳ ಮಕ್ಕಳಿಗೆ ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು, ಪಾಠದ ಮಾತು ಮತ್ತೊಂದು. ಅಪಾರ್ಟ್‌ಮೆಂಟಿನ ಮಗುವಿಗೆ ಎಂಟನೇ ತರಗತಿಯಿಂದಲೇ ಐಐಟಿ ಕೋಚಿಂಗ್. ಈ ಎಲ್ಲರನ್ನೂ ದಿನಕ್ಕೆ ಆರೇಳು ಗಂಟೆ, ವರ್ಷಕ್ಕೆ ಹತ್ತು ತಿಂಗಳು, ಹತ್ತಿರದಿಂದ ನೋಡುವ ದೊಡ್ಡವರೆಂದರೆ ಶಾಲೆಯ ಸಿಬ್ಬಂದಿಯೇ. ಕೆಲವು ಮಕ್ಕಳ ಪಾಲಿಗೆ ಹಾಗೆ ನೋಡುವವರು ಅವರು ಮಾತ್ರ.

ಸಮಸ್ಯೆ ಎಷ್ಟು ದೊಡ್ಡದು? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಆರೋಗ್ಯ ಸಮಸ್ಯೆ ಇತ್ತು. ಮಹಾನಗರಗಳಲ್ಲಿ ಆ ಪ್ರಮಾಣ ಶೇ 13.5. ನಲವತ್ತು ಮಕ್ಕಳ ಒಂದು ಹೈಸ್ಕೂಲ್ ಸೆಕ್ಷನ್ನಿನಲ್ಲಿ ಐದು ಮಕ್ಕಳು ಎಂದು ಇದರ ಲೆಕ್ಕ. 2022ರ ಆರಂಭದಲ್ಲಿ ಎನ್‌ಸಿಇಆರ್‌ಟಿ 6ರಿಂದ 12ನೇ ತರಗತಿಯ ಸುಮಾರು 3.79 ಲಕ್ಷ ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ ಶೇ 81ರಷ್ಟು ಮಂದಿ ತಮ್ಮ ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣ ಎಂದರು. ತರಗತಿಯಲ್ಲಿ ಪ್ರಶ್ನೆ ಕೇಳಲು ಹಿಂಜರಿಕೆ ಎಂದವರು ಶೇ 28.

ಮೇಷ್ಟ್ರು ಡಾಕ್ಟರಾಗಬೇಕೇ?

ಈ ಅಂಕಿಗಳನ್ನು ತೋರಿಸಿದ ಕೂಡಲೇ ಶಿಕ್ಷಕರಿಂದ ಬರುವ ಮಾತು, ‘ಗಣತಿ ನಾವೇ, ಚುನಾವಣೆ ನಾವೇ, ಬಿಸಿಯೂಟದ ಲೆಕ್ಕ ನಾವೇ, ಈಗ ಇದೂ ನಾವೇನಾ?’ ಈ ಬೇಸರಕ್ಕೆ ಕಾರಣವಿದೆ. ಅದಕ್ಕೆ ಸಂಶೋಧನೆಯ ಬೆಂಬಲವೂ ಇದೆ.

ಶಿಕ್ಷಕರಿಗೆ ಮಕ್ಕಳ ಮನಸ್ಸಿನ ತೊಂದರೆಗಳ ಬಗ್ಗೆ ತರಬೇತಿ ಕೊಡುವ ಪ್ರಯತ್ನ ಬೆಂಗಳೂರಿಗೆ ಹೊಸದಲ್ಲ. ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ 1970ರ ದಶಕದ ಕೊನೆಯಲ್ಲೇ ನಗರದ ಶಿಕ್ಷಕರಿಗೆ ಇಂಥ ಪರಿಚಯ ಕೋರ್ಸುಗಳನ್ನು ನಡೆಸಿ, ಅದರ ಅನುಭವವನ್ನು ಪ್ರಬಂಧಗಳಾಗಿ ದಾಖಲಿಸಿದರು. ಮುಂದೆ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಅವರ ತಂಡ ‘ಜೀವನ ಕೌಶಲ ಶಿಕ್ಷಣ’ವನ್ನು ಕರ್ನಾಟಕದ ನಾಲ್ಕು ಜಿಲ್ಲೆಗಳ 261 ಪ್ರೌಢಶಾಲೆಗಳಿಗೆ ಕೊಂಡೊಯ್ದಿತು. ಕಲಿಸಿದವರು ಆಯಾ ಶಾಲೆಯ ಶಿಕ್ಷಕರೇ. 2010ರಲ್ಲಿ ಪ್ರಕಟವಾದ ಫಲಿತಾಂಶ ಎರಡು ಮಾತು ಹೇಳುತ್ತದೆ. ಪಾಠ ಕೇಳಿದ ಮಕ್ಕಳ ಆತ್ಮಗೌರವ, ಕಷ್ಟ ಎದುರಿಸುವ ಬಗೆ, ಶಾಲೆಯೊಂದಿಗೆ ಹಾಗೂ ಶಿಕ್ಷಕರೊಂದಿಗೆ ಹೊಂದಾಣಿಕೆ ಸುಧಾರಿಸಿತ್ತು. ಕಾಯಿಲೆಯ ಲಕ್ಷಣಗಳ ವಿಷಯದಲ್ಲಿ ಮಾತ್ರ ಬೇರೆ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ.

ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದ ಸೆಹರ್ ಪ್ರಯೋಗ ಇದನ್ನು ಇನ್ನೂ ಸ್ಪಷ್ಟಪಡಿಸಿತು. ಶಾಲೆಯ ವಾತಾವರಣ ಸುಧಾರಿಸುವ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು ನಡೆಸಿದರು, ಇನ್ನು ಕೆಲವೆಡೆ ಅದಕ್ಕೆಂದೇ ನೇಮಿಸಿ ತರಬೇತಿ ಕೊಟ್ಟ ಸ್ಥಳೀಯ ಸಲಹೆಗಾರರು ನಡೆಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ಖಿನ್ನತೆ, ಕಿರುಕುಳ, ಹೊಡೆದಾಟ ಇಳಿದವು. ಶಿಕ್ಷಕರು ನಡೆಸಿದ ಕಡೆ ಗುರುತಿಸುವಂಥ ಪರಿಣಾಮ ಬರಲಿಲ್ಲ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಇವುಗಳಿಂದ ಶಾಲೆಗಳು ಕಲಿಯಬೇಕಾದ್ದು ಇಷ್ಟು. ಶಿಕ್ಷಕರನ್ನೇ ಆಪ್ತಸಮಾಲೋಚಕರನ್ನಾಗಿ ಮಾಡಲು ಹೊರಟರೆ ಎರಡೂ ಕೆಲಸ ಕೆಡುತ್ತವೆ. ರೋಗದ ಹೆಸರು ಹೇಳುವುದು, ಚಿಕಿತ್ಸೆ ಕೊಡುವುದು ಅವರ ಹೊಣೆಯಲ್ಲ. ಬದಲಾವಣೆಯನ್ನು ಗಮನಿಸುವುದು, ಮಗು ಹೆದರದಂತೆ ಮಾತಾಡಿಸುವುದು, ಸರಿಯಾದವರ ಬಳಿಗೆ ಕಳಿಸುವುದು, ಅಲ್ಲಿಂದ ಬಂದ ಮೇಲೆ ತರಗತಿಯಲ್ಲಿ ಅದಕ್ಕೆ ಜಾಗ ಉಳಿಸುವುದು ಅವರ ಕೆಲಸ. ಆಸ್ಪತ್ರೆಯಲ್ಲಿ ಕೂತ ಯಾವ ತಜ್ಞರೂ ಇದನ್ನು ಅವರಷ್ಟು ಚೆನ್ನಾಗಿ ಮಾಡಲಾರರು.

ಗಲಾಟೆಯ ಮಗು, ಸದ್ದಿಲ್ಲದ ಮಗು

1928ರಲ್ಲಿ ಅಮೆರಿಕದ ಇ.ಕೆ. ವಿಕ್‌ಮನ್ ಎಂಬ ಸಂಶೋಧಕ ಶಿಕ್ಷಕರನ್ನೂ ಮಕ್ಕಳ ಮಾನಸಿಕ ತಜ್ಞರನ್ನೂ ಒಂದೇ ಪ್ರಶ್ನೆ ಕೇಳಿದರು: ಯಾವ ವರ್ತನೆ ಹೆಚ್ಚು ಚಿಂತೆ ಹುಟ್ಟಿಸುತ್ತದೆ? ಶಿಕ್ಷಕರ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಕದಿಯುವುದು, ಸುಳ್ಳು ಹೇಳುವುದು, ಎದುರು ಮಾತಾಡುವಂಥವು. ತಜ್ಞರ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಯಾರೊಂದಿಗೂ ಬೆರೆಯದಿರುವುದು, ಮಂಕಾಗಿರುವುದು, ಅನುಮಾನ, ಅಂಜಿಕೆ. ನೂರು ವರ್ಷವಾಗುತ್ತಾ ಬಂದರೂ ನಮ್ಮ ಸ್ಟಾಫ್ ರೂಮಿನ ಮಾತುಕತೆಯಲ್ಲಿ ಹೆಸರು ಬರುವುದು ಗಲಾಟೆ ಮಾಡುವ ಮಗುವಿನದ್ದೇ. ‘ಪಾಪ, ಬಾಯಿ ಬಿಡಲ್ಲ, ಒಳ್ಳೇ ಮಗು’ ಎಂದು ಬಿಟ್ಟುಬಿಡುವ ಮಗು ಪಟ್ಟಿಗೆ ಬರುವುದೇ ಇಲ್ಲ.

ಹಾಗಾದರೆ ಏನನ್ನು ನೋಡಬೇಕು? ಪಕ್ಕದ ಮಗುವಿಗೆ ಹೋಲಿಸಿ ನೋಡಿದರೆ ಪ್ರಯೋಜನವಿಲ್ಲ. ಅದೇ ಮಗು ಮೂರು ತಿಂಗಳ ಹಿಂದೆ ಹೇಗಿತ್ತು ಎಂದು ನೋಡಬೇಕು. ಮೊದಲಿನಿಂದಲೂ ಮಾತು ಕಡಿಮೆ ಇರುವ ಮಗುವಿಗೆ ಅದು ಸ್ವಭಾವ. ವಾಚಾಳಿಯಾಗಿದ್ದ ಹುಡುಗಿ ದೀಪಾವಳಿ ರಜೆ ಕಳೆದು ಬಂದ ಮೇಲೆ ಮಾತೇ ಆಡದಿದ್ದರೆ ಅದು ಸುದ್ದಿ. ಅಕ್ಷರ ಕೆಡುವುದು, ಮೊದಲ ಪೀರಿಯಡ್‌ನಲ್ಲೇ ನಿದ್ದೆ ಹೋಗುವುದು, ಪದೇ ಪದೇ ತಲೆನೋವು, ಹೊಟ್ಟೆನೋವು ಎಂದು ಆಫೀಸಿನ ಮುಂದೆ ನಿಲ್ಲುವುದು, ಆಟದ ಪೀರಿಯಡ್‌ನಲ್ಲಿ ಕಟ್ಟೆಯ ಮೇಲೆ ಕೂರುವುದು, ಸೆಕೆಯಲ್ಲೂ ತೋಳುದ್ದದ ಸ್ವೆಟರ್ ತೆಗೆಯದಿರುವುದು, ಪ್ರೀತಿಯ ವಸ್ತುಗಳನ್ನು ಗೆಳೆಯರಿಗೆ ಹಂಚುವುದು. ಇವುಗಳಲ್ಲಿ ಒಂದು ಕಂಡರೆ ಗಾಬರಿ ಬೇಡ. ಎರಡು ಮೂರು ಸೇರಿ ಎರಡು ವಾರ ಮುಂದುವರಿದರೆ ಮಾತಾಡಿಸಲೇಬೇಕು. ವಸ್ತುಗಳನ್ನು ಹಂಚುವುದರ ಜೊತೆ ‘ಇನ್ನು ನಾನಿರಲ್ಲ’ ಎಂಬಂಥ ಮಾತೇನಾದರೂ ಕಿವಿಗೆ ಬಿದ್ದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ.

ಹಾಜರಾತಿ ಪುಸ್ತಕವೂ ಬಹಳ ಹೇಳುತ್ತದೆ. ತಿಂಗಳ ಕೊನೆಯಲ್ಲಿ ಶೇಕಡಾವಾರು ಹಾಕಿ ಮುಚ್ಚಿಡುವ ಬದಲು ಅಡ್ಡಸಾಲಿನಲ್ಲಿ ಒಂದೊಂದೇ ಹೆಸರು ಓದಿದರೆ, ಪ್ರತಿ ಸೋಮವಾರ ಬಾರದ ಮಗು, ಪಿ.ಟಿ. ಇರುವ ದಿನವೇ ಬಾರದ ಮಗು, ಕಿರುಪರೀಕ್ಷೆಯ ಹಿಂದಿನ ದಿನದಿಂದ ನಾಪತ್ತೆಯಾಗುವ ಮಗು ಬೇರೆ ಬೇರೆಯಾಗಿ ಕಾಣುತ್ತಾರೆ. ಸೋಮವಾರದ್ದಕ್ಕೆ ಕಾರಣ ಮನೆಯಲ್ಲಿ ಭಾನುವಾರದ ಕುಡಿತ, ಜಗಳ ಇರಬಹುದು. ಪಿ.ಟಿ. ದಿನದ್ದಕ್ಕೆ ಮೈದಾನದಲ್ಲಿ ಕಾಡಿಸುವ ಗುಂಪು ಕಾರಣವಾಗಿರಬಹುದು.

ಇನ್ನು ಗಲಾಟೆಯ ಮಗು. ಇಲ್ಲಿ ಒಂದು ಸಣ್ಣ ಅಭ್ಯಾಸ ತುಂಬಾ ಕೆಲಸಕ್ಕೆ ಬರುತ್ತದೆ. ‘ಶಿಸ್ತಿಲ್ಲ’, ‘ಉದ್ಧಟ’ ಎಂದು ಡೈರಿಯಲ್ಲಿ ಬರೆಯುವ ಬದಲು ಏನಾಯಿತೋ ಅಷ್ಟನ್ನೇ, ಅದರ ಹಿಂದೆ ಮುಂದೆ ಏನಿತ್ತು ಎಂಬುದರ ಸಮೇತ ಬರೆಯುವುದು. ಉದಾಹರಣೆಗೆ ಹೀಗೆ: ‘ಸೋಮವಾರ, ಎರಡನೇ ಪೀರಿಯಡ್. ಕನ್ನಡ ಪಾಠವನ್ನು ಗಟ್ಟಿಯಾಗಿ ಓದಲು ಹೇಳಿದೆ. ಪುಸ್ತಕ ಮುಚ್ಚಿದ. ಪಕ್ಕದವನನ್ನು ತಳ್ಳಿದ. ಹೊರಗೆ ಕಳಿಸಿದೆ. ನಗುತ್ತಾ ಹೋದ.’ ಇಂಥ ನಾಲ್ಕು ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಎಳೆ ಕಾಣತೊಡಗುತ್ತದೆ. ತಳ್ಳಾಟ ನಡೆಯುವುದು ಓದಲು ಎಬ್ಬಿಸಿದಾಗ ಮಾತ್ರ. ಹೊರಗೆ ಕಳಿಸಿದ್ದು ಅವನ ಪಾಲಿಗೆ ಶಿಕ್ಷೆಯೇ ಅಲ್ಲ, ಅವಮಾನದಿಂದ ಬಿಡುಗಡೆ. ನಲವತ್ತು ಮಂದಿಯ ಮುಂದೆ ಒತ್ತಕ್ಷರ ತಡವರಿಸಿ ನಗೆಪಾಟಲಾಗುವುದಕ್ಕಿಂತ ಪುಂಡ ಎನಿಸಿಕೊಳ್ಳುವುದೇ ಅವನಿಗೆ ವಾಸಿ.

ಆ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು, ಇಲ್ಲದೆಯೂ ಇರಬಹುದು. ಜಾಲಹಳ್ಳಿ, ಪೀಣ್ಯದಂಥ ಕಡೆ ಇನ್ನೊಂದು ಸಾಧ್ಯತೆಯನ್ನು ಮೊದಲು ನೋಡಬೇಕು. ಮನೆಯಲ್ಲಿ ತಮಿಳೋ ಉರ್ದುವೋ ಒಡಿಯಾವೋ ಮಾತಾಡುವ ಮಗು ಕನ್ನಡದ ಕಾಗುಣಿತ ಶುರು ಮಾಡಿ ಎಷ್ಟು ದಿನವಾಯಿತು? ಭಾಷೆ ಹೊಸದಾಗಿದ್ದರೆ ಅದಕ್ಕೆ ಬೇಕಿರುವುದು ಸಮಯ. ಮನೆಮಾತಿನಲ್ಲೂ, ಇಂಗ್ಲಿಷಿನಲ್ಲೂ, ಲೆಕ್ಕದಲ್ಲೂ ಹೀಗೇ ಆಗುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದೇ ಗುರುತಿಸಿದೆ. 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಸಿಗುತ್ತದೆ. ಅದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವಿನಂಥ ಸೌಲಭ್ಯ ಕೇಳಬಹುದು. ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಓಡಾಡುವುದಕ್ಕಿಂತ ನಾಲ್ಕನೇ ತರಗತಿಯಲ್ಲೇ ಶುರು ಮಾಡುವುದು ಒಳ್ಳೆಯದು. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರಿ ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ, ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಯೂ ಇದೆ. ಹಲ್ಲು, ಕಣ್ಣು ತೋರಿಸಿ ಕಳಿಸಿಬಿಡದೆ, ಅನುಮಾನವಿರುವ ಮಕ್ಕಳ ಹೆಸರನ್ನು ಮೊದಲೇ ಬರೆದಿಟ್ಟು ಕೇಳಬೇಕು.

ಇಂಥ ಮಕ್ಕಳಿಗೆ ಬೀಳುವ ಹೊಡೆತದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ನಿನ್ನ ಹಣೇಲಿ ಓದು ಬರೆದಿಲ್ಲ, ಮೂಟೆ ಹೊರೋಕೆ ಹೋಗು’ ಎಂದು ತರಗತಿಯ ಮುಂದೆ ಹೇಳುವುದನ್ನೂ ಆ ದೃಷ್ಟಿಯಿಂದಲೇ ನೋಡಬೇಕು.

ವ್ಯಾನಿನ ಕನ್ನಡಿಯಲ್ಲಿ ಕಂಡದ್ದು

ಶಾಲೆಯ ಸಿಬ್ಬಂದಿ ಎಂದಾಗ ನೆನಪಿಗೆ ಬರುವುದು ಶಿಕ್ಷಕರು. ಆದರೆ ಮಕ್ಕಳು ಮೈಮರೆತು ತಾವಾಗಿರುವುದು ಶಿಕ್ಷಕರಿಲ್ಲದ ಕಡೆ. ಯಾರು ಯಾರ ಪಕ್ಕ ಕೂರುವುದಿಲ್ಲ, ಯಾರ ಟಿಫನ್ ಡಬ್ಬಿಯನ್ನು ದಿನಾ ಕಸಿಯುತ್ತಾರೆ ಎಂಬುದು ವ್ಯಾನ್ ಚಾಲಕರಿಗೆ ಗೊತ್ತು. ಯಾವ ಹುಡುಗಿ ಇಂಟರ್‌ವಲ್ ಪೂರ್ತಿ ಟಾಯ್ಲೆಟ್‌ನಲ್ಲೇ ಕಳೆಯುತ್ತಾಳೆ, ಯಾರು ಅತ್ತು ಮುಖ ತೊಳೆದು ಬರುತ್ತಾರೆ ಎಂಬುದು ಆಯಾಗೆ ಗೊತ್ತು. ಎರಡು ಸಲ ಸಾರು ಹಾಕಿಸಿಕೊಳ್ಳುತ್ತಿದ್ದ ಮಗು ತಟ್ಟೆ ಹಾಗೇ ಬಿಟ್ಟು ಏಳುವುದನ್ನು ಬಿಸಿಯೂಟ ಬಡಿಸುವ ಅಕ್ಕ ನೋಡುತ್ತಾರೆ. ಗೇಟಿನ ಬಳಿ ಸಂಜೆ ಯಾರು ಬೈಕಿನಲ್ಲಿ ಬಂದು ಕಾಯುತ್ತಾರೆ ಎಂಬುದು ವಾಚ್‌ಮನ್‌ಗೆ ಗೊತ್ತು. ಫೀಸು ಕಟ್ಟಿಲ್ಲವೆಂದು ಮೂರು ಸಲ ಆಫೀಸಿಗೆ ಕರೆಸಿಕೊಂಡ ಮಗುವಿನ ಮುಖ ಕ್ಲರ್ಕ್‌ಗೆ ಗೊತ್ತು.

ಇವರನ್ನು ಯಾರೂ ಕೇಳುವುದಿಲ್ಲ. ತಾವಾಗಿ ಹೇಳಿದರೆ ‘ನಿಮಗ್ಯಾಕೆ ಅದೆಲ್ಲ’ ಎಂಬ ಉತ್ತರ ಬರಬಹುದೆಂಬ ಅಳುಕು ಅವರಿಗೆ. ಇದನ್ನು ಸರಿಪಡಿಸಲು ದುಡ್ಡು ಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಮುಖ್ಯಶಿಕ್ಷಕರು ಇವರೊಂದಿಗೆ ಚಹಾ ಕುಡಿಯುತ್ತಾ ಹದಿನೈದು ನಿಮಿಷ ಕೂತರೆ ಸಾಕು. ಕೇಳಬೇಕಾದ್ದು ಒಂದೇ: ‘ಯಾವ ಮಗು ನೋಡಿ ನಿಮಗೆ ಯಾಕೋ ಸರಿ ಇಲ್ಲ ಅನ್ನಿಸ್ತು?’ ಹೇಳಿದ್ದನ್ನು ಅವರು ಹೊರಗೆ ಆಡಿಕೊಳ್ಳಬಾರದು. ಅವರು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಹರಟೆಯ ವಿಷಯ ಮಾಡಬಾರದು. ಈ ಎರಡು ಕಟ್ಟುಪಾಡು ಮೊದಲ ದಿನವೇ ಎಲ್ಲರಿಗೂ ಸ್ಪಷ್ಟವಾಗಬೇಕು.

ಮಾತಾಡಿಸುವ ಬಗೆ

ಗಮನಿಸಿದ ಮೇಲಿನ ಹೆಜ್ಜೆ ಬಹಳ ಮಂದಿ ಎಡವುವ ಜಾಗ. ತರಗತಿಯ ನಡುವೆ ‘ಯಾಕೋ ಹಿಂಗಿದ್ದೀಯ, ಏನಾಯ್ತು ನಿಂಗೆ?’ ಎಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಎಚ್.ಎಂ. ರೂಮಿಗೆ ಕರೆಸಿದರೆ ಶಿಕ್ಷೆಯ ಭಯ. ಚಾರ್ಟ್ ಅಂಟಿಸಲು, ನೋಟ್‌ಬುಕ್ ಎತ್ತಿಡಲು ಜೊತೆಗೆ ಕರೆದುಕೊಂಡು, ಬೇರೆಯವರಿಗೆ ಕಾಣುವ ಆದರೆ ಕೇಳಿಸದ ಜಾಗದಲ್ಲಿ ಮಾತು ತೆಗೆಯುವುದು ಸಲೀಸು. ಪ್ರಶ್ನೆಯಿಂದ ಶುರು ಮಾಡುವ ಬದಲು ಕಂಡದ್ದನ್ನು ಹೇಳಬೇಕು. ‘ಪುಟ್ಟಾ, ಎರಡು ವಾರದಿಂದ ನೀನು ಊಟಕ್ಕೆ ಒಬ್ಳೇ ಕೂರ್ತಿದ್ದೀಯ. ನಂಗೆ ಗೊತ್ತಾಯ್ತು. ಹೇಳ್ಬೇಕು ಅನ್ನಿಸಿದ್ರೆ ಹೇಳು, ಇವತ್ತೇ ಹೇಳ್ಬೇಕು ಅಂತೇನಿಲ್ಲ.’ ಇಷ್ಟು ಹೇಳಿ ಸುಮ್ಮನಿರುವುದು ಶಿಕ್ಷಕರಿಗೆ ಕಷ್ಟ, ಏಕೆಂದರೆ ಮಾತಾಡುವುದೇ ಅವರ ವೃತ್ತಿ. ಆದರೂ ಸುಮ್ಮನಿರಬೇಕು. ಆ ದಿನ ಮಗು ಏನೂ ಹೇಳದಿರಬಹುದು. ಮೂರು ದಿನ ಬಿಟ್ಟು ‘ಮಿಸ್, ಅವತ್ತು ಕೇಳಿದ್ರಲ್ಲಾ’ ಎಂದು ಅದೇ ಬರಬಹುದು.

ಮಗು ಹೇಳತೊಡಗಿದರೆ ಮಧ್ಯೆ ಬುದ್ಧಿಮಾತು ಬೇಡ. ‘ಇಷ್ಟಕ್ಕೆಲ್ಲಾ ಅಳ್ತಾರಾ’, ‘ನಮ್ಮ ಕಾಲದಲ್ಲಿ ಇದಕ್ಕಿಂತ ಕಷ್ಟ ಇತ್ತು’, ‘ಅಪ್ಪ ಅಮ್ಮ ನಿನಗಾಗಿ ಎಷ್ಟು ದುಡೀತಾರೆ ಗೊತ್ತಾ’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದ ಬಂದರೂ ಬಾಗಿಲು ಮುಚ್ಚುತ್ತವೆ. ‘ಯಾರಿಗೂ ಹೇಳಲ್ಲ’ ಎಂದು ಆಣೆ ಇಡುವುದೂ ತಪ್ಪು, ಏಕೆಂದರೆ ಹೇಳಲೇಬೇಕಾದ ಸಂದರ್ಭ ಬರಬಹುದು. ಅದರ ಬದಲು ಹೀಗೆನ್ನಬಹುದು: ‘ಇದನ್ನ ಕ್ಲಾಸಲ್ಲಿ ಯಾರಿಗೂ ಹೇಳಲ್ಲ. ನಿನಗೆ ಅಪಾಯ ಆಗೋ ವಿಷಯ ಇದ್ರೆ ಮಾತ್ರ ಸಹಾಯ ಮಾಡೋರಿಗೆ ಹೇಳ್ಬೇಕಾಗುತ್ತೆ. ಯಾರಿಗೆ ಹೇಳೋದು ಅಂತ ಇಬ್ರೂ ಸೇರಿ ನೋಡೋಣ.’

ಸಾಯುವ ಮಾತು ಬಂದರೆ ನೇರವಾಗಿ ಕೇಳಬೇಕು. ‘ಬದುಕೋದೇ ಬೇಡ ಅನ್ನಿಸಿದೆಯಾ?’ ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಬಹಳ ಮಂದಿಗಿದೆ. ಅದು ನಿಜವಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಒಬ್ಬರಾದರೂ ಕೇಳಿದರಲ್ಲ ಎಂಬ ಸಮಾಧಾನ ಸಿಗುತ್ತದೆ ಎಂಬುದು ತಜ್ಞರ ಅನುಭವ. ಹೌದು ಎಂಬ ಉತ್ತರ ಬಂದರೆ ಮಗುವನ್ನು ಒಂದು ಕ್ಷಣವೂ ಒಂಟಿ ಬಿಡಬಾರದು, ಒಬ್ಬಂಟಿಯಾಗಿ ಮನೆಗೆ ಕಳಿಸಬಾರದು. ಪೋಷಕರನ್ನು ಕರೆಸಿ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ‘ಪೊಲೀಸ್ ಕೇಸ್ ಆಗಿಬಿಡುತ್ತೆ’ ಎಂದು ಮುಚ್ಚಿಡುವ ಶಾಲೆಗಳಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಬೇಕೇ ಹೊರತು ಶಿಕ್ಷಿಸುವಂತಿಲ್ಲ.

ಎಲ್ಲಿಗೆ, ಯಾರ ಮೂಲಕ

ಮನೆಗೆ ಫೋನ್ ಮಾಡುವವರು ಮಗು ನಂಬುವ ಶಿಕ್ಷಕರೇ ಆದರೆ ಒಳ್ಳೆಯದು. ‘ನಿಮ್ಮ ಮಗನದ್ದು ಕಂಪ್ಲೇಂಟ್ ಇದೆ, ನಾಳೆ ಹತ್ತಕ್ಕೆ ಬನ್ನಿ’ ಎಂದರೆ ಆ ರಾತ್ರಿ ಮನೆಯಲ್ಲಿ ಬೆಲ್ಟು ಹೊರಬರಬಹುದು. ‘ಅಮ್ಮಾ, ಗಾಬರಿ ಆಗ್ಬೇಡಿ. ಇವನು ಸ್ವಲ್ಪ ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ, ಮಂಕಾಗಿದ್ದಾನೆ. ಮನೇಲೂ ಹಂಗೇನಾ?’ ಎಂದು ಶುರು ಮಾಡಿದರೆ ತಾಯಿ ಜೊತೆಗೂಡುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ ಅರ್ಧ ದಿನ ರಜೆ ಎಂದರೆ ಸಂಬಳಕ್ಕೆ ಕತ್ತರಿ. ಸಂಜೆ ಆರರ ನಂತರವೋ ಭಾನುವಾರವೋ ಭೇಟಿಗೆ ಸಮಯ ಕೊಡುವುದು ಶಾಲೆಗೆ ಸಾಧ್ಯವಾಗಬೇಕು.

ಮನೆಯೇ ಅಪಾಯದ ಜಾಗ ಎಂಬ ಅನುಮಾನವಿದ್ದಾಗ ಮಾತ್ರ ಮೊದಲ ಫೋನ್ ಮನೆಗೆ ಹೋಗಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಹೋಗಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಆಯ್ಕೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಶಾಲೆಯ ಒಳಗೇ ವಿಚಾರಣೆ ನಡೆಸಿ, ಮಗುವಿನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುವುದು ಶಾಲೆಯ ಕೆಲಸವಲ್ಲ.

ಉಳಿದಂತೆ ಮೊದಲ ಮೆಟ್ಟಿಲು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಮಾನಸಿಕ ಆರೋಗ್ಯ ಸಹಾಯವಾಣಿಯ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದ್ದು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬೇಕೆಂದಿಲ್ಲ. ‘ನನ್ನ ತರಗತಿಯಲ್ಲಿ ಹೀಗೊಂದು ಮಗು ಇದೆ, ಏನು ಮಾಡಲಿ?’ ಎಂದು ಶಿಕ್ಷಕರೂ ಕೇಳಬಹುದು. ಈ ಸೌಲಭ್ಯವನ್ನು ಶಾಲೆಗಳು ಇನ್ನೂ ಹೆಚ್ಚು ಬಳಸಿಕೊಳ್ಳಬೇಕು. ನೇರವಾಗಿ ವೈದ್ಯರನ್ನು ಕಾಣಲು ಜಾಲಹಳ್ಳಿಯವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಸರ್ಕಾರಿ ಆಸ್ಪತ್ರೆ, ಮತ್ತಿಕೆರೆ ಪಕ್ಕದ ಎಂ.ಎಸ್. ರಾಮಯ್ಯ ಆಸ್ಪತ್ರೆ ಹತ್ತಿರ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವೇ ಇದೆ. ಆದರೆ ಅದು ಊರಿನ ಇನ್ನೊಂದು ತುದಿ, ಒಂದು ದಿನ ಪೂರ್ತಿ ಬೇಕಾಗುತ್ತದೆ. ಪೋಷಕರಿಗೆ ವಿಳಾಸ ಕೊಟ್ಟು ಕೈತೊಳೆದುಕೊಳ್ಳದೆ, ಎಲ್ಲಿ ಚೀಟಿ ಮಾಡಿಸಬೇಕು, ಯಾವ ಕಾಗದ ಬೇಕು ಎಂದು ತಿಳಿಸಿ, ಕಂಡ ವರ್ತನೆಗಳನ್ನು ಒಂದು ಪುಟದಲ್ಲಿ ಬರೆದುಕೊಟ್ಟರೆ ವೈದ್ಯರ ಕೆಲಸವೂ ಹಗುರ. ಮೇಲೆ ಹೇಳಿದ ಆ ನಾಲ್ಕು ಟಿಪ್ಪಣಿಗಳು ಆಗ ಉಪಯೋಗಕ್ಕೆ ಬರುತ್ತವೆ.

ಬ್ಯಾಗಿನಲ್ಲಿ ಸಿಗರೇಟು, ವೈಟ್ನರ್ ಸಿಕ್ಕಾಗಲೂ ದಾರಿ ಇದೇ. ಟಿ.ಸಿ. ಕೊಟ್ಟು ಕಳಿಸಿದರೆ ಶಾಲೆಯ ಹೆಸರು ಉಳಿಯಬಹುದು. ಮಗು ಮಾತ್ರ ಹಗಲೆಲ್ಲಾ ಅದೇ ಸಹವಾಸದಲ್ಲಿ ಉಳಿಯುತ್ತದೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರುವುದನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆ ನಿಷೇಧಿಸಿದೆ. ಬ್ಯಾಗ್ ತಪಾಸಣೆಗೆ ತೋರುವ ಉತ್ಸಾಹವನ್ನು ಗೇಟಿನೆದುರಿನ ಗೂಡಂಗಡಿಯ ಮೇಲೂ ತೋರಿಸಬಹುದು.

ಚಿಕಿತ್ಸೆ ಶುರುವಾದ ಮೇಲೆ ಮಗು ಮರಳಿ ತರಗತಿಗೆ ಬರುವ ದಿನಕ್ಕೂ ತಯಾರಿ ಬೇಕು. ಎಲ್ಲ ಶಿಕ್ಷಕರಿಗೂ ಎಲ್ಲವೂ ತಿಳಿಯಬೇಕಿಲ್ಲ. ಒಬ್ಬರಿಗೆ ಪೂರ್ತಿ, ಉಳಿದವರಿಗೆ ‘ಸ್ವಲ್ಪ ದಿನ ಹೋಮ್‌ವರ್ಕ್‌ಗೆ ಒತ್ತಾಯ ಬೇಡ, ಮಾತ್ರೆಯಿಂದ ಮಂಪರು ಬರಬಹುದು’ ಎಂಬಷ್ಟು ಸಾಕು. ಬಿಟ್ಟುಹೋದ ನೋಟ್ಸ್ ಬರೆದುಕೊಡಲು ಒಬ್ಬ ಗೆಳೆಯನೋ ಗೆಳತಿಯೋ ಇದ್ದರೆ, ಕೂರುವ ಜಾಗ ಮೊದಲಿದ್ದದ್ದೇ ಆಗಿದ್ದರೆ, ‘ಏನಾಗಿತ್ತು?’ ಎಂದು ಕೇಳುವ ಮಕ್ಕಳಿಗೆ ‘ಹುಷಾರಿರಲಿಲ್ಲ, ಈಗ ಪರವಾಗಿಲ್ಲ’ ಎಂಬ ಒಂದೇ ಉತ್ತರ ಎಲ್ಲ ಶಿಕ್ಷಕರಿಂದ ಬಂದರೆ, ಮೊದಲ ವಾರ ದಾಟುತ್ತದೆ.

ಇದೆಲ್ಲ ಶಿಕ್ಷಕರ ಒಳ್ಳೆಯತನವನ್ನೇ ನಂಬಿ ನಡೆಯುವಂಥದ್ದಲ್ಲ. ಸರ್ಕಾರಿ ಶಾಲೆಗಳಿಗೆ ಒಂದು ಚೌಕಟ್ಟು ಆಗಲೇ ಇದೆ. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ತರಬೇತಿಗೊಳಿಸುವ ಯೋಜನೆಯಿದೆ. ಭಾವನಾತ್ಮಕ ಹಾಗೂ ಮಾನಸಿಕ ಆರೋಗ್ಯ ಅದರ ಹನ್ನೊಂದು ವಿಷಯಗಳಲ್ಲಿ ಒಂದು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ 15 ಮಾರ್ಗಸೂಚಿಗಳನ್ನು ಹೊರಡಿಸಿತು. ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲ್ ಎಲ್ಲಕ್ಕೂ ಅವು ಅನ್ವಯಿಸುತ್ತವೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಂದಿಗೆ ಔಪಚಾರಿಕ ಏರ್ಪಾಡು ಮಾಡಿಕೊಳ್ಳಬೇಕು. ಅಂಕದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರೆದುರು ಹೀಯಾಳಿಸುವುದು ನಿಲ್ಲಬೇಕು. ಸಹಾಯವಾಣಿ ಸಂಖ್ಯೆ ಎದ್ದು ಕಾಣುವಂತೆ ಬರೆದಿರಬೇಕು.

ಈ ಮಾರ್ಗಸೂಚಿಗಳಲ್ಲಿ ಜಾಲಹಳ್ಳಿಯ ಯಾವ ಶಾಲೆಯಾದರೂ ಈ ತಿಂಗಳೇ ಕೈಹಾಕಬಹುದಾದ್ದು ತರಬೇತಿ. ಬೋಧಕರಿಗೆ ಮಾತ್ರವಲ್ಲ, ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ, ಪ್ರಮಾಣಿತ ತಜ್ಞರಿಂದ ತರಬೇತಿ ಕಡ್ಡಾಯ. ಅಪಾಯದ ಸೂಚನೆ ಗುರುತಿಸುವುದು, ತಕ್ಷಣದ ನೆರವು ನೀಡುವುದು, ಯಾರ ಬಳಿಗೆ ಕಳಿಸಬೇಕೆಂದು ತಿಳಿಯುವುದು ಅದರ ತಿರುಳು. ಎರಡು ದಿನಾಂಕಗಳನ್ನು ಶಾಲೆಯ ವಾರ್ಷಿಕ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಬಹುದು. ಮೊದಲನೆಯದು ಜೂನ್‌ನಲ್ಲಿ, ಹೊಸ ಮಕ್ಕಳು ಬಂದಾಗ. ಎರಡನೆಯದು ಡಿಸೆಂಬರ್‌ನಲ್ಲಿ, ಪರೀಕ್ಷೆಯ ಬಿಸಿ ಏರುವ ಮೊದಲು. ಅಂದು ಶಿಕ್ಷಕರ ಸ್ವಂತ ಆಯಾಸ, ನಿದ್ದೆಗೇಡು, ಸಿಡುಕಿನ ಬಗ್ಗೆಯೂ ಮಾತಿಗೆ ಅರ್ಧ ಗಂಟೆ ಇರಲಿ. ವ್ಯಾನ್ ಚಾಲಕರೂ ಆಯಾಗಳೂ ಪೂರ್ತಿ ಕೂರಬೇಕಾದ್ದರಿಂದ, ಬೆಳಗಿನ ಟ್ರಿಪ್ ಮುಗಿದ ಮೇಲೆ, ಸಂಜೆಯ ಟ್ರಿಪ್‌ಗೆ ಮುಂಚೆ ಸಮಯ ಇಟ್ಟುಕೊಳ್ಳುವುದು ಅನುಕೂಲ.